ಗೋಡೆಯ ಪಸೆ, ತಾರಸಿಯ ಸೋರಿಕೆ: ಡಬ್ಬ ಬಿಚ್ಚುವ ಮೊದಲು ನೀರಿನ ದಾರಿ ಹುಡುಕಿ

ಮಳೆ ಹಿಡಿದು ಆಟಿ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಬರುವಷ್ಟರಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಚಂದ್ರಗಿರಿಯವರೆಗೆ ಮನೆ ಕಟ್ಟಿಕೊಟ್ಟವರ ಫೋನಿಗೆ ಬಿಡುವಿರುವುದಿಲ್ಲ. ಗೋಡೆ ಒದ್ದೆ, ಪೈಂಟು ಗುಳ್ಳೆ ಎದ್ದಿದೆ, ಸ್ಲ್ಯಾಬ್ ತೊಟ್ಟಿಕ್ಕುತ್ತದೆ. ಮರುದಿನ ಒಂದು ಡಬ್ಬ ವಾಟರ್‌ಪ್ರೂಫ್ ಕೆಮಿಕಲ್ಲೂ ಒಬ್ಬ ಪೈಂಟರೂ ಹೊರಡುತ್ತಾರೆ. ಮುಂದಿನ ಆಟಿಗೆ ಅದೇ ಜಾಗ, ಅದೇ ಗುಳ್ಳೆ. ಕೆಮಿಕಲ್ಲು ಕೆಟ್ಟದ್ದೆಂದಲ್ಲ. ನೀರು ಬಂದದ್ದು ಒಂದು ಕಡೆಯಿಂದ, ಬಳಿದದ್ದು ಇನ್ನೊಂದು ಕಡೆಗೆ.

ಇಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಗೋಡೆ ಕೆಂಪುಕಲ್ಲಿನದ್ದು, ಅಂದರೆ ಮುರಕಲ್ಲಿನದ್ದು, ಹುಟ್ಟಾ ತೂತಿನ ಕಲ್ಲು. ಪಸೆ ಬಂದೇ ಬರುತ್ತದೆ ಎಂದು ಹೇಳಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಅದು ಸರಿಯಲ್ಲ. ಸರಿಯಾಗಿ ಕಟ್ಟಿದ ಮುರಕಲ್ಲಿನ ಮನೆ ಒಣಗಿಯೇ ಇರುತ್ತದೆ.

ಸ್ಥಳಕ್ಕೆ ಹೋಗುವ ಮೊದಲು ಫೋನಿನಲ್ಲೇ ಮೂರು ಪ್ರಶ್ನೆ ಕೇಳಿ. ಈ ಪಸೆ ಮಾರ್ಚ್, ಏಪ್ರಿಲ್‌ನಲ್ಲೂ ಇತ್ತೇ? ಮಳೆ ಶುರುವಾಗಿ ಎಷ್ಟು ಹೊತ್ತಿಗೆ ಕಾಣಿಸುತ್ತದೆ? ನೆಲದಿಂದ ಮೇಲೆ ಹತ್ತಿದೆಯೋ, ಮೇಲಿನಿಂದ ಇಳಿದಿದೆಯೋ? ಬೇಸಿಗೆಯಲ್ಲೂ ಇದ್ದರೆ ಪೈಪು. ಜೋರು ಮಳೆಯಾಗಿ ಒಂದೆರಡು ಗಂಟೆಯಲ್ಲೇ ಕಂಡರೆ ಬಿರುಕು ಅಥವಾ ತಾರಸಿ. ಎರಡು ಮೂರು ದಿನ ಬಿಡದೆ ಸುರಿದ ಮೇಲೆ ಕಂಡರೆ ಗೋಡೆಯೇ ನೀರು ಕುಡಿದಿದೆ. ಮಳೆ ಶುರುವಾಗಿ ವಾರಗಳ ನಂತರ ಬಂದು, ಮಳೆ ಬಿಟ್ಟ ಮೇಲೂ ಅಕ್ಟೋಬರ್‌ವರೆಗೆ ಒಣಗದಿದ್ದರೆ ಅದು ನೆಲದ ನೀರು. ಅರ್ಧ ರೋಗ ಇಷ್ಟರಲ್ಲೇ ಗೊತ್ತಾಗುತ್ತದೆ.

ಗೋಡೆ ಮುಟ್ಟಿದರೆ ಜುಂ ಎನ್ನುತ್ತದೆ, ಮಳೆ ಬಂದಾಗ ಟ್ರಿಪ್ ಆಗುತ್ತದೆ

ಬೇರೆಲ್ಲ ತಪಾಸಣೆಗಿಂತ ಮೊದಲಿನದ್ದು ಇದು. ಒದ್ದೆ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇದ್ದರೆ, ಸೋರುವ ಸ್ಲ್ಯಾಬಿನಲ್ಲಿ ಫ್ಯಾನಿನ ಕೊಕ್ಕೆ ಅಥವಾ ಲೈಟಿನ ಪಾಯಿಂಟ್ ಇದ್ದರೆ ಮೇನ್ ಆಫ್ ಮಾಡಿ ಆ ಮೇಲೆ ಕೈಹಾಕಿ. ಕರೆಂಟು ಸೋರಿದರೆ ತಾನೇ ಬೀಳುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ, ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆಯೇ ನೋಡಿ. ಮಳೆ ಬಂದಾಗಲೆಲ್ಲ ಅದು ಬೀಳುವುದೆಂದರೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. "ಕಿರಿಕಿರಿ" ಎಂದು ಅದನ್ನು ಬೈಪಾಸ್ ಮಾಡಿಸಿದ ಮನೆಗಳಿವೆ. ಅಂಥಲ್ಲಿ ಗೋಡೆಗೆ ಉಳಿ ಹಾಕಲೇಬೇಡಿ. ಲೈಸೆನ್ಸ್ ಇರುವ ವಯರ್‌ಮ್ಯಾನ್ ಬಂದು ನೋಡುವವರೆಗೆ ಕೆಲಸ ನಿಲ್ಲಲಿ.

ನೆಲದಿಂದ ಮೂರಡಿವರೆಗೆ ಪಸೆ, ಬಿಳಿ ಹಿಟ್ಟು, ಪೈಂಟು ಸಿಪ್ಪೆ

ಒಳಗೆ ನೋಡುವ ಮೊದಲು ಹೊರಗೆ ಹೋಗಿ ಅಂಗಳ ನೋಡಿ. ಹತ್ತು ವರ್ಷ ಒಣಗಿಯೇ ಇದ್ದ ಮನೆಗೆ ಇದ್ದಕ್ಕಿದ್ದಂತೆ ಪಸೆ ಬಂದರೆ ಮೊದಲ ಸಂಶಯ ಇಂಟರ್‌ಲಾಕ್ ಮೇಲೆ. 60 ಮಿ.ಮೀ. ದಪ್ಪದ ಬ್ಲಾಕು, ಅದರಡಿಯಲ್ಲಿ 4–5 ಸೆಂ.ಮೀ. ಹುಡಿಜಲ್ಲಿ. ಅಂಗಳ ಅಗೆಯದೆ ಹಾಗೆಯೇ ಹಾಸಿದರೆ ನೆಲ ನಾಲ್ಕು ಇಂಚು ಏರಿತು. ಪಂಚಾಂಗದ (ಗೋಡೆ ಕೂರುವ ಅಡಿಕಟ್ಟಿನ) ಮೇಲಂಚಿಗೂ ಹೊರನೆಲಕ್ಕೂ ಕನಿಷ್ಠ 15 ಸೆಂ.ಮೀ. ಅಂತರ ಉಳಿಯಲೇಬೇಕು. ಅದು ಮುಚ್ಚಿಹೋದರೆ, ನೆಲದ ನೀರು ಗೋಡೆಗೆ ಏರದಂತೆ ಪಂಚಾಂಗದ ಮೇಲೆ ಹಾಕುವ ಪಸೆತಡೆ ಪಟ್ಟಿ ಇದ್ದೂ ಇಲ್ಲದ ಹಾಗೆ, ನೀರು ಅದರ ತಲೆಯ ಮೇಲಿನಿಂದಲೇ ಗೋಡೆಗೆ ಸೇರುತ್ತದೆ. ಗೋಡೆಗೆ ಒತ್ತಿ ಮಾಡಿದ ಹೂವಿನ ಪಾತಿ, ಬುಡದಲ್ಲೇ ನೀರು ಬಿಡುವ ತಾರಸಿ ಪೈಪು, ಮಾಡಿನ ನೀರು ಸಿಡಿಯುವ ಜಾಗ ಎಲ್ಲವನ್ನೂ ನೋಡಿ. ಸಿಡಿದ ನೀರು ಒಂದೆರಡು ಅಡಿ ಎತ್ತರಕ್ಕೆ ಹಾರುತ್ತದೆ. ಹೊರಗೋಡೆಯಲ್ಲಿ ಕೆಂಪುಮಣ್ಣಿನ ಚುಕ್ಕೆ ಎಲ್ಲಿವರೆಗೆ ಇದೆಯೋ ಅಷ್ಟು.

ಎರಡನೆಯದ್ದು ಖರ್ಚಿಲ್ಲದ ಪರೀಕ್ಷೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಪಸೆಯ ಜಾಗಕ್ಕೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹನಿ ಹಾಳೆಯ ಹಿಂಬದಿ ಕಟ್ಟಿದರೆ ನೀರು ಗೋಡೆಯೊಳಗಿನದ್ದು. ಕೋಣೆಯ ಬದಿ ಕಟ್ಟಿದರೆ ಗಾಳಿಯ ತೇವ. ಕಿಟಕಿ ಮುಚ್ಚಿ, ಒಳಗೆ ಬಟ್ಟೆ ಒಣಗಿಸುವ ಕೋಣೆಯ ಕಪಾಟಿನ ಹಿಂದೆ ಹಿಡಿಯುವ ಬೂಷ್ಟು ಸಾಮಾನ್ಯವಾಗಿ ಈ ಜಾತಿಯದ್ದು. ಅದಕ್ಕೆ ಗಾಳಿ ಆಡಬೇಕು, ಕೆಮಿಕಲ್ಲಲ್ಲ.

ಮೂರನೆಯದಾಗಿ ಅರ್ಧ ಅಡಿ, ಎರಡಡಿ, ನಾಲ್ಕಡಿ ಎತ್ತರದಲ್ಲಿ ಸಾರಣೆಗೆ (ಗೋಡೆಯ ಗಾರೆಯ ಹೊದಿಕೆಗೆ) ಚಿಕ್ಕ ತೂತು ಕೊರೆದು ಹುಡಿ ಅಂಗೈಯಲ್ಲಿ ಹಿಡಿಯಿರಿ. ಕೆಳಗಿನದ್ದು ಉಂಡೆಕಟ್ಟಿ ಮೇಲಿನದ್ದು ಹಾರಿಹೋದರೆ ನೀರು ನೆಲದಿಂದ ಏರುತ್ತಿದೆ. ಮೂರೂ ಕಡೆ ಒಂದೇ ಹದದಲ್ಲಿ ಒದ್ದೆಯಿದ್ದರೆ ಬೇರೆ ದಾರಿ ಹುಡುಕಿ.

ರಿಪೇರಿಯೂ ಇದೇ ಕ್ರಮದಲ್ಲಿ ಅಗ್ಗದಿಂದ ದುಬಾರಿಗೆ. ಮೊದಲು ಗೋಡೆ ಬದಿಯ ಎರಡಡಿ ಇಂಟರ್‌ಲಾಕ್ ಎಬ್ಬಿಸಿ, ನೆಲ ತಗ್ಗಿಸಿ, ಹೊರಕ್ಕೆ ಇಳಿಜಾರು ಕೊಟ್ಟು ಚರಂಡಿ ಮಾಡಿ. ಒಂದು ಮಳೆಗಾಲ ಕಾಯಿರಿ. ಹೆಚ್ಚಿನ ಮನೆಗಳಿಗೆ ಇಷ್ಟು ಸಾಕು. ಬಿಳಿ ಹಿಟ್ಟನ್ನು ಒಣ ಬ್ರಶ್ಶಿನಲ್ಲಿ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಆ ಉಪ್ಪು ಕರಗಿ ಮತ್ತೆ ಗೋಡೆಗೇ ಸೇರುತ್ತದೆ. ಸಾರಣೆಯನ್ನು ಪಸೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿ, ಬೇಸಿಗೆಯಿಡೀ ಒಣಗಲು ಬಿಟ್ಟು, ಆಮೇಲೆ ಹೊಸದು ಮಾಡಿ. ಈ ಎತ್ತರದಲ್ಲಿ ಜಿಪ್ಸಮ್ ಬೇಡವೇ ಬೇಡ, ಪಸೆ ತಗಲಿದರೆ ಮೆತ್ತಗಾಗಿ ಉದುರುತ್ತದೆ. ಗೋಡೆಯ ಬುಡಕ್ಕೆ ತೂತು ಕೊರೆದು ಸಿಲೇನ್ ಜಾತಿಯ ಕೆಮಿಕಲ್ ತುಂಬುವ ವಿಧಾನ ಕೊನೆಯದ್ದು. 10–12 ಸೆಂ.ಮೀ.ಗೊಂದು ತೂತು, ಕಲ್ಲಿಗಲ್ಲ, ಗಾರೆಯ ಸಂದಿಗೆ. ಮುರಕಲ್ಲಿನೊಳಗಿನ ಪೊಳ್ಳುಗಳು ಕೆಮಿಕಲ್ಲನ್ನು ಎಲ್ಲೆಲ್ಲಿಗೋ ಎಳೆದುಕೊಳ್ಳುವುದರಿಂದ ಇಟ್ಟಿಗೆ ಗೋಡೆಯಷ್ಟು ನಂಬಿಕೆಯ ಫಲ ಇಲ್ಲಿ ಸಿಗುವುದಿಲ್ಲ. ಇದನ್ನು ಗಿರಾಕಿಗೆ ಮೊದಲೇ ಹೇಳಿಬಿಡಿ.

ಹೊಸ ಮನೆಯಾಗಿದ್ದರೆ ಒಂದು ವಿನಾಯಿತಿ. ಏಪ್ರಿಲ್‌ನಲ್ಲಿ ಸಾರಣೆ, ಮೇಯಲ್ಲಿ ಪೈಂಟು, ಜೂನ್ ಮೊದಲು ಗೃಹಪ್ರವೇಶ ಎಂದು ಓಡಿಸಿದ ಮನೆಯಲ್ಲಿ ಕಾಣುವುದು ಕಟ್ಟುವಾಗಿನ ನೀರೇ. ಸಾರಣೆಗೆ 7 ದಿನ ನೀರು ಹಾಕಿ, ಮತ್ತೆ ಕನಿಷ್ಠ 4 ವಾರ ಒಣಗಿಸದೆ ಪೈಂಟು ಮುಟ್ಟಬಾರದಿತ್ತು.

ಪಡುವಣ ಗೋಡೆ ಮಾತ್ರ ಒದ್ದೆ

ಮುಂಗಾರಿನ ಗಾಳಿ ಪಡುವಣ ಮತ್ತು ನೈಋತ್ಯದಿಂದ ಮಳೆಯನ್ನು ಅಡ್ಡಕ್ಕೆ ಹೊಡೆಯುತ್ತದೆ. ಆ ಎರಡು ಬದಿಯ ಗೋಡೆ ಮಾತ್ರ ಒದ್ದೆಯಾಗಿ ಮೂಡುಗೋಡೆ ಒಣಗಿದ್ದರೆ ನೆಲದ ನೀರಿನ ಮಾತೇ ಇಲ್ಲ.

ಮೊದಲು ಸನ್‌ಶೇಡಿನ ಅಡಿಗೆ ಬೆರಳು ಹಾಕಿ ನೋಡಿ. ಅಂಚಿನಲ್ಲಿ ಬೆರಳು ಇಳಿಯುವಷ್ಟು ಗೀರು ಇರಬೇಕು, ಸುಮಾರು 12 ಮಿ.ಮೀ. ಅದಿದ್ದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇಲ್ಲದಿದ್ದರೆ ಶೇಡಿನ ಹೊಟ್ಟೆಯಗುಂಟ ಹರಿದು ಬಂದು ಗೋಡೆ ಸೇರುತ್ತದೆ. ಪೈಂಟಿನವರು ಪುಟ್ಟಿ ತುಂಬಿ ಆ ಗೀರನ್ನು "ನೀಟು" ಮಾಡಿಬಿಟ್ಟಿರುವುದೂ ಉಂಟು.

ನಂತರ ಪೈಪಿನ ಪರೀಕ್ಷೆ. ಒಬ್ಬರು ಹೊರಗೆ ನೀರು ಬಿಡಬೇಕು, ಇನ್ನೊಬ್ಬರು ಒಳಗೆ ಕಣ್ಣಿಟ್ಟಿರಬೇಕು. ಕೆಳಗಿನಿಂದಲೇ ಶುರುಮಾಡಿ: ಕಿಟಕಿಯ ಕೆಳಗಿನ ಗೋಡೆಗೆ 15–20 ನಿಮಿಷ, ಆಮೇಲೆ ಕಿಟಕಿ ದಂಡೆ, ದಾರಂದದ (ಚೌಕಟ್ಟಿನ) ಸಂದಿ, ಲಿಂಟಲ್ (ಕಿಟಕಿಯ ಮೇಲಿನ ಕಾಂಕ್ರೀಟ್ ತೊಲೆ), ಕೊನೆಗೆ ಶೇಡಿನ ಮೇಲ್ಭಾಗ. ಮೇಲಿನಿಂದ ಹೊಡೆದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಯಾವ ಸಂದಿಯಿಂದ ನುಗ್ಗಿತೆಂದು ತಿಳಿಯುವುದೇ ಇಲ್ಲ.

ಹೊರಗಿನ ಸಾರಣೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ದಬ್ ಎಂಬ ಪೊಳ್ಳು ಸದ್ದು ಬಂದಲ್ಲಿ ಸಾರಣೆ ಕಲ್ಲನ್ನು ಬಿಟ್ಟಿದೆ. ಕಾರಣ ಹೆಚ್ಚಾಗಿ ಒಂದೇ. ಒಣ ಮುರಕಲ್ಲು ಗಾರೆಯ ನೀರನ್ನು ಹೀರಿಬಿಟ್ಟಿದೆ, ಸಿಮೆಂಟಿಗೆ ಗಟ್ಟಿಯಾಗಲು ನೀರೇ ಉಳಿದಿಲ್ಲ. ಸಾರಣೆಗೆ ಮೊದಲು ಗೋಡೆಯನ್ನು ಚೆನ್ನಾಗಿ ನೆನೆಸಿ, ಮೇಲಿನ ನೀರು ಆರಿದ ಮೇಲೆ ಹೊಡೆಯಬೇಕು. ಹೊರಗೋಡೆಗೆ 1:4 ಗಾರೆ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಹೊಯ್ಗೆ, ಅಂದರೆ ಮರಳು), ಎರಡು ಕೋಟಿನಲ್ಲಿ 18–20 ಮಿ.ಮೀ. ಒಂದೇ ಕೋಟಿನಲ್ಲಿ ಒಂದಿಂಚು ಬಡಿದರೆ ಅದು ತನ್ನ ಭಾರಕ್ಕೇ ಜಾರಿ ಬಿರಿಯುತ್ತದೆ.

ಸಾರಣೆಯಿಲ್ಲದೆ ಕಲ್ಲು ಕಾಣುವಂತೆ ಬಿಡುವುದು ಈಗಿನ ಫ್ಯಾಶನ್. ಚಂದವೂ ಹೌದು. ಆದರೆ ಅದಕ್ಕೆ ಆರಿಸಿದ ಕಲ್ಲು ಬೇಕು, ಲೋಡಿನಲ್ಲಿ ಬಂದದ್ದೆಲ್ಲ ಆಗುವುದಿಲ್ಲ. ಬಿಳಿ ಶೇಡಿಮಣ್ಣಿನ (ಮೆತ್ತಗಿನ ಜೇಡಿಮಣ್ಣಿನ) ಮಚ್ಚೆಯಿರುವ ಕಲ್ಲನ್ನು ಬದಿಗಿಡಿ, ಎರಡು ಮಳೆಯಲ್ಲಿ ಆ ಜಾಗ ಕರಗಿ ಗುಳಿ ಬೀಳುತ್ತದೆ. ಹೊಸ ಕಲ್ಲಿನ ಲೋಡಿನಿಂದ ನಾಲ್ಕೈದು ಕಲ್ಲು ತೆಗೆದು ಪೂರ್ತಿ ಒಣಗಿಸಿ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ. ಭಾರತೀಯ ಮಾನಕ ಐಎಸ್ 3620ರ ಪ್ರಕಾರ ಹೀರಿಕೆ ತೂಕದ ಶೇ. 12 ದಾಟಬಾರದು, ಒತ್ತಡ ತಾಳುವ ಶಕ್ತಿ ಚದರ ಮಿ.ಮೀ.ಗೆ 3.5 ನ್ಯೂಟನ್‌ಗಿಂತ ಕಡಿಮೆಯಿರಬಾರದು. 24 ಕಿಲೋದ ಕಲ್ಲು 27 ಕಿಲೋ ಆದರೆ ಶೇ. 12.5, ಅದು ಪಡುವಣ ಗೋಡೆಗೆ ಬೇಡ, ಒಳಗೋಡೆಗೆ ಹೋಗಲಿ. ಕಟ್ಟಿಯಾಗಿರುವ ಗೋಡೆಯಾದರೆ ಸಂದಿಯ ಹಳೆ ಗಾರೆಯನ್ನು 15–20 ಮಿ.ಮೀ. ಆಳಕ್ಕೆ ಕೆದಕಿ 1:3 ಗಾರೆ ತುಂಬಿ, ಪೂರ್ತಿ ಒಣಗಿದ ಮೇಲೆ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ, ನೀರು ಹಿಡಿಯದ ಸಿಲೇನ್-ಸಿಲೋಕ್ಸೇನ್ ಲೇಪ ಕೊಡಿ. ಸೆಪ್ಟೆಂಬರ್‌ನ ಎರಡು ದಿನದ ಬಿಸಿಲು ನೋಡಿ ಬಳಿದರೆ ನೀರನ್ನು ಒಳಗಿಟ್ಟು ಬೀಗ ಹಾಕಿದಂತೆ.

ಮಳೆಗೂ ಪಸೆಗೂ ಸಂಬಂಧವೇ ಇಲ್ಲ

ಬಚ್ಚಲಿನ ಹಿಂದಿನ ಗೋಡೆಯಲ್ಲಿ, ಅಡುಗೆಮನೆಯ ಸಿಂಕಿನ ಕೆಳಗೆ, ವರ್ಷವಿಡೀ ಒಂದೇ ಮಚ್ಚೆ. ರಾತ್ರಿ ಎಲ್ಲ ನಳ್ಳಿ ಮುಚ್ಚಿ, ಟಾಂಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿ. ಇಳಿದಿದ್ದರೆ ಒತ್ತಡದ ಪೈಪು ಒಡೆದಿದೆ ಅಥವಾ ಫ್ಲಶ್ ಸೋರುತ್ತಿದೆ. ಇಳಿಯದಿದ್ದರೆ ದೋಷ ಕೊಳಕು ನೀರಿನ ಪೈಪಿನಲ್ಲಿ ಅಥವಾ ಬಚ್ಚಲಿನ ನೆಲದಲ್ಲಿ. ನೆಲದ ತೂತಿಗೆ ಬಟ್ಟೆ ತುರುಕಿ, ಬಣ್ಣ ಕಲಸಿದ ನೀರು ಒಂದಿಂಚು ನಿಲ್ಲಿಸಿ, ಒಂದು ದಿನ ಬಿಟ್ಟರೆ ಗೊತ್ತಾಗುತ್ತದೆ. ಟೈಲ್ಸಿನ ಸಂದಿಗೆ ಗ್ರೌಟ್ ತುಂಬುವುದು ಮೊದಲ ಮದ್ದು, ನೆಲ ಒಡೆಯುವುದು ಕೊನೆಯದ್ದು.

ಸ್ಲ್ಯಾಬಿನ ಅಡಿ ಮಚ್ಚೆ, ತೊಟ್ಟಿಕ್ಕುವುದು

ಮಚ್ಚೆ ಇದ್ದಲ್ಲೇ ತೂತು ಇರುವುದಿಲ್ಲ. ಸ್ಲ್ಯಾಬಿನೊಳಗಿನ ಕರೆಂಟು ಪೈಪು ನೀರಿಗೆ ಒಳ್ಳೆಯ ಕಾಲುವೆ. ಒಂದು ಮೂಲೆಯಲ್ಲಿ ಹೊಕ್ಕ ನೀರು ನಡುಕೋಣೆಯ ಫ್ಯಾನಿನಲ್ಲಿ ಇಳಿಯುತ್ತದೆ.

ಮೇಲೆ ಹತ್ತುವಾಗ ಎಚ್ಚರ. ಆಟಿಯ ತಾರಸಿಯ ಪಾಚಿ ಎಂದರೆ ಎಣ್ಣೆ ಸುರಿದ ಹಾಗೆ. ಮಳೆ ಬಿಟ್ಟಾಗ ಹತ್ತಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ ಮೇಲೆ ನಡೆಯಿರಿ. ತಡೆಗೋಡೆ ಇಲ್ಲದ ತಾರಸಿಯ ಅಂಚಿಗೆ ಹಗ್ಗವಿಲ್ಲದೆ ಹೋಗಬೇಡಿ.

ಮೊದಲು ನೀರು ಹೋಗುವ ಬಾಯಿ. 100 ಚದರ ಮೀಟರ್ ತಾರಸಿಗೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಒಂದು ಹಲಸಿನೆಲೆ ಪೈಪಿನ ಬಾಯಿಗೆ ಅಂಟಿದರೆ ತಾರಸಿ ಕೆರೆಯಾಗುತ್ತದೆ. ಆಮೇಲೆ ನಿಂತ ನೀರು: ಮಳೆ ಬಿಟ್ಟು ಅರ್ಧ ಗಂಟೆಯ ನಂತರವೂ ನಿಂತಲ್ಲಿ ಸೀಮೆಸುಣ್ಣದ ಗೆರೆ ಹಾಕಿ ಫೋಟೊ ತೆಗೆಯಿರಿ. ಮೀಟರಿಗೆ ಒಂದು ಸೆಂ.ಮೀ. ಇಳಿಜಾರು ಬೇಕಿತ್ತು, ಎಲ್ಲಿ ಇಲ್ಲವೆಂದು ಆ ಗೆರೆಯೇ ಹೇಳುತ್ತದೆ. ಮೂರನೆಯದು ತಡೆಗೋಡೆ ಸ್ಲ್ಯಾಬಿಗೆ ಸೇರುವ ಮೂಲೆ ಮತ್ತು ಪೈಪಿನ ಕುತ್ತಿಗೆ. ತಾರಸಿ ಸೋರಿದರೆ ನಡು ಬಯಲನ್ನು ಸಂಶಯಿಸುವುದಕ್ಕಿಂತ ಮೊದಲು ಈ ಎರಡನ್ನು ಸಂಶಯಿಸಿ. ಮೂಲೆಗೆ ಉಬ್ಬು ಗಾರೆ ಕೊಟ್ಟು, ಜಾಲರಿ ಬಟ್ಟೆಯೊಂದಿಗೆ ಲೇಪವನ್ನು ಗೋಡೆಯ ಮೇಲೆ ಒಂದಡಿವರೆಗೆ ಏರಿಸಬೇಕು.

ಇಷ್ಟರಲ್ಲಿ ಸಿಗದಿದ್ದರೆ ಪೈಪಿನ ಬಾಯಿ ಮುಚ್ಚಿ 5 ಸೆಂ.ಮೀ. ನೀರನ್ನು 48 ಗಂಟೆ ನಿಲ್ಲಿಸಿ. ಇದು ಚದರ ಮೀಟರಿಗೆ 50 ಕಿಲೋ ಹೆಚ್ಚುವರಿ ಭಾರ. ಕಂಬಿ ತುಕ್ಕು ಹಿಡಿದ, ಬಾಗಿದ ಸ್ಲ್ಯಾಬಿನ ಮೇಲೆ ಈ ಪರೀಕ್ಷೆ ಮಾಡಲೇಬಾರದು.

ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸುವುದು ನಮ್ಮಲ್ಲಿ ಎಲ್ಲ ಸೋರಿಕೆಗೂ ರಾಮಬಾಣ. ಕೆಲಸ ಮಾಡುತ್ತದೆ, ನಿಜ. ಆದರೆ ಟ್ರಸ್ಸಿನ ಕಾಲಿಗಾಗಿ ಸ್ಲ್ಯಾಬಿಗೆ ಕೊರೆದ ಬೋಲ್ಟಿನ ತೂತೇ ಹೊಸ ಸೋರಿಕೆಯಾಗುತ್ತದೆ, ಸ್ಕ್ರೂವಿನ ರಬ್ಬರು ವಾಷರ್ ಬಿಸಿಲಿಗೆ ಒಣಗಿ ಬಿರಿಯುತ್ತದೆ. ಹಾಕುವ ಮೊದಲು ಪಂಚಾಯತಿನಲ್ಲಿ ಅನುಮತಿಯ ವಿಷಯ ಕೇಳಿಕೊಳ್ಳಿ.

ಸ್ಲ್ಯಾಬಿನಡಿ ಕಂದು ಗೆರೆ, ಚಕ್ಕೆ ಉದುರುವುದು

ಗೋಡೆಯ ಕರೆಂಟು, ಜರಿಯುವ ಗುಡ್ಡ ಬಿಟ್ಟರೆ ಈ ಕೈಪಿಡಿಯಲ್ಲಿ ಉಳಿದದ್ದೆಲ್ಲ ಮುಜುಗರದ ವಿಷಯ, ಇದು ಜೀವದ ವಿಷಯ. ಅರ್ಧರ್ಧ ಅಡಿಗೆ ಸಮಾನಾಂತರವಾಗಿ ಕಂದು ಗೆರೆ ಕಂಡರೆ ಅವು ಕಂಬಿಯ ಗೆರೆಗಳು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅಲ್ಲಿಗೆ ಪುಟ್ಟಿ ಹಾಕಿ ಪೈಂಟು ಬಳಿಯುವುದು ಗಿರಾಕಿಗೆ ಮಾಡುವ ದ್ರೋಹ.

ಮೊದಲು ಸಣ್ಣ ಸುತ್ತಿಗೆಯಿಂದ ತಟ್ಟಿ ಪೊಳ್ಳು ಜಾಗವನ್ನೆಲ್ಲ ಗುರುತಿಸಿ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ ಇರಲಿ, ಕೆಳಗೆ ಯಾರೂ ಬೇಡ. ಒಡೆದ ಹೊಸ ಮುಖಕ್ಕೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿ. ಗುಲಾಬಿಗೆ ತಿರುಗಿದರೆ ಕಾಂಕ್ರೀಟಿನ ಕ್ಷಾರ ಉಳಿದಿದೆ. ಬಣ್ಣವೇ ಬಾರದಿದ್ದರೆ ಕ್ಷಾರ ಹೋಗಿದೆ, ಕಂಬಿಗೆ ರಕ್ಷಣೆಯಿಲ್ಲ. ಗುಲಾಬಿಯಾಗಿಯೂ ಕಂಬಿ ತುಕ್ಕಾಗಿದ್ದರೆ ಸಂಶಯ ಉಪ್ಪಿನ ಮೇಲೆ.

ಉಪ್ಪು ಬರುವ ದಾರಿ ಮೂರು. ಒಂದು, ಕಡಲಿನ ಗಾಳಿ. ಎರಡು, ಅಳಿವೆಯ ಕಡೆಯಿಂದ ಬಂದ, ತೊಳೆಯದ ಹೊಯ್ಗೆ. ಮೂರನೆಯದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಬಾವಿ. ಕುಂಬಳೆ, ಉಪ್ಪಳದಂಥ ಕಡಲಬದಿಯಲ್ಲಿ ಏಪ್ರಿಲ್, ಮೇಯಲ್ಲಿ ಬಾವಿಯ ನೀರು ಸವುಳಾಗಬಹುದು, ಸ್ಲ್ಯಾಬ್ ಹಾಕುವುದೂ ಮಳೆಗೆ ಮೊದಲೆಂದು ಅದೇ ತಿಂಗಳಲ್ಲಿ. ಐಎಸ್ 456ರ ಪ್ರಕಾರ ಕಂಬಿಯಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ಮೀರಬಾರದು, ಒಟ್ಟು ಕಾಂಕ್ರೀಟಿನಲ್ಲಿ ಘನ ಮೀಟರಿಗೆ 0.6 ಕಿಲೋ ಮೀರಬಾರದು. ನಾಲಿಗೆಗೆ ಹಚ್ಚಿ ನೋಡುವುದು ಸಾಲದು, ಒಂದು ಬಾಟಲಿ ನೀರು, ಒಂದು ಕಿಲೋ ಹೊಯ್ಗೆ ಲ್ಯಾಬಿಗೆ ಕೊಡಿ. ಗಾಜಿನ ಭರಣಿಯಲ್ಲಿ ನೀರು ಹಾಕಿ ಕುಲುಕಿ ಮೂರು ಗಂಟೆ ಬಿಡುವ ಪರೀಕ್ಷೆ ಮಣ್ಣಿನಂಶಕ್ಕೆ ಮಾತ್ರ. ಹೊಯ್ಗೆಯ ಮೇಲಿನ ಕೆಸರು ಶೇ. 8 ದಾಟಿದರೆ ಆ ಲೋಡು ವಾಪಸು. ಉಪ್ಪು ಅದರಲ್ಲಿ ಕಾಣುವುದಿಲ್ಲ.

ಇನ್ನೊಂದು ಕಾರಣ ಕಂಬಿಯಡಿಯ ಕವರು, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ. ಜಲ್ಲಿಯ ಚೂರು ಇಟ್ಟು ಕಂಬಿ ಎತ್ತಿದಲ್ಲಿ ಕಾಂಕ್ರೀಟು ಸುರಿಯುವಾಗ ಚೂರು ಜಾರಿ ಕಂಬಿ ಹಲಗೆಗೆ ತಾಗಿ ಕೂರುತ್ತದೆ. ಕಡಲಗಾಳಿಗೆ ನೇರ ಮೈಯೊಡ್ಡಿದ ಕಾಂಕ್ರೀಟಿಗೆ ಅದೇ ಐಎಸ್ 456 ಕೇಳುವುದು ಎಂ30 ದರ್ಜೆಯ ಕಾಂಕ್ರೀಟು ಮತ್ತು 45 ಮಿ.ಮೀ. ಕವರು, ಮರೆಯಲ್ಲಿರುವುದಕ್ಕೆ ಎಂ25 ಮತ್ತು 30 ಮಿ.ಮೀ. ಎಲ್ಲೆಡೆ 20 ಮಿ.ಮೀ. ಎಂಬ ರೂಢಿ ಒಳನಾಡಿನ ಕೋಣೆಯೊಳಗೆ ಸರಿ.

ಸಣ್ಣ ಜಾಗದ ರಿಪೇರಿಗೆ ಸಡಿಲ ಕಾಂಕ್ರೀಟ್ ಕೆತ್ತಿ, ಕಂಬಿಯ ಹಿಂಬದಿಯೂ ತೆರೆದುಕೊಳ್ಳುವಂತೆ ಮಾಡಿ, ತುಕ್ಕನ್ನು ಹೊಳೆಯುವವರೆಗೆ ತಿಕ್ಕಿ, ಸತುವಿನ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆಯನ್ನು 10–12 ಮಿ.ಮೀ. ಪದರಗಳಲ್ಲಿ ತುಂಬಬೇಕು. ಆದರೆ ಕಂಬಿ ಸವೆದು ಕಡ್ಡಿಯಾಗಿದ್ದರೆ, ಸ್ಲ್ಯಾಬ್ ಬಾಗಿದ್ದರೆ, ಬೀಮಿನಲ್ಲಿ ಬಿರುಕಿದ್ದರೆ ಉಳಿ ಕೆಳಗಿಡಿ. ಜಾಕಿ ಕೊಟ್ಟು, ಕೋಣೆ ಖಾಲಿ ಮಾಡಿಸಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಬಾಲ್ಕನಿ ಮತ್ತು ಸನ್‌ಶೇಡಿನ ಲೆಕ್ಕ ಬೇರೆಯೇ: ಅಲ್ಲಿ ಭಾರ ಹೊರುವ ಕಂಬಿ ಮೇಲ್ಭಾಗದಲ್ಲಿರುತ್ತದೆ. ಕಾಂಕ್ರೀಟು ಹಾಕುವಾಗ ಆಳುಗಳು ತುಳಿದು ಅದು ಕೆಳಗಿಳಿದಿದ್ದರೆ ಶೇಡು ಬುಡದಲ್ಲೇ ಬಿರಿಯುತ್ತದೆ. ಆಧಾರ ಕೊಡದೆ ಅದರ ಮೇಲಿನಿಂದ ಕೆತ್ತುವುದು, ಕೂತ ಕೊಂಬೆ ಕಡಿಯುವ ಕೆಲಸ.

ಬಿರುಕು

ಜೇಡನ ಬಲೆಯಂಥ ಕೂದಲು ಬಿರುಕು ಸಾರಣೆಯದ್ದು, ನೀರುಣಿಸಿದ್ದು ಸಾಲದೆ ಬಂದದ್ದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟರೆ ಲಿಂಟಲ್ ಗೋಡೆಯ ಮೇಲೆ ಸಾಕಷ್ಟು ಕೂತಿಲ್ಲ. ಪಿಲ್ಲರೂ ಕಲ್ಲೂ ಸೇರುವಲ್ಲಿ ನೆಟ್ಟಗೆ ಇದ್ದರೆ ಜಾಲರಿ ಹಾಕದೆ ಸಾರಣೆ ಹೊಡೆದಿದ್ದಾರೆ. ಮೇಲಂತಸ್ತಿನಲ್ಲಿ ಸ್ಲ್ಯಾಬಿನ ಕೆಳಗೇ ಅಡ್ಡಕ್ಕೆ ಇದ್ದರೆ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗಿದ್ದು. ಇವೆಲ್ಲ ದುಡ್ಡಿನ ಪ್ರಶ್ನೆ, ಗಾಬರಿಯದ್ದಲ್ಲ. ಕಲ್ಲಿನ ಸಂದಿಗುಂಟ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು ಮಾತ್ರ ಅಡಿಪಾಯ ಕೂತದ್ದರ ಗುರುತು. ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ, ಅಗಲ ಅಳೆದಿಡಿ. ತಿಂಗಳೊಳಗೆ ಗೆರೆ ದಾಟಿದರೆ, ಅಗಲ 5 ಮಿ.ಮೀ. ಮುಟ್ಟಿದರೆ, ಬಾಗಿಲು ಸಿಕ್ಕಿಕೊಳ್ಳತೊಡಗಿದರೆ ಎಂಜಿನಿಯರು ಬರಲಿ.

ಹಿಂದಿನ ಬರೆಯಿಂದ ಒಸರು

ಬದಿಯಡ್ಕ, ಮುಳ್ಳೇರಿಯ ಕಡೆಯ ಗುಡ್ಡ ಜರಿದು ಮಾಡಿದ ಸೈಟುಗಳ ಕಾಯಿಲೆ ಇದು. ಜರಿದ ಗುಡ್ಡದ ನೆಟ್ಟಗಿನ ಮುಖವೇ ಬರೆ. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಶೇಡಿಮಣ್ಣಿನ ಪದರ. ಇಂಗಿದ ನೀರು ಶೇಡಿಯ ಮೇಲೆ ನಿಂತು ಅಡ್ಡಕ್ಕೆ ಹರಿಯುತ್ತದೆ. ಹಿರಿಯರು ಸುರಂಗ ಕೊರೆದು ಹುಡುಕಿದ ಗುಡ್ಡದೊಳಗಿನ ನೀರು ಈಗ ಅಡುಗೆಮನೆಯ ಹಿಂಗೋಡೆಗೆ ಬರುತ್ತಿದೆ. ಗೋಡೆಗೆ ಏನು ಬಳಿದರೂ ಪ್ರಯೋಜನವಿಲ್ಲ. ಬರೆಯ ಬುಡದಲ್ಲಿ ಮನೆಯ ಪಂಚಾಂಗಕ್ಕಿಂತ ತಗ್ಗಿನ ಚರಂಡಿ ಬೇಕು. ಬರೆಗೆ ತಡೆಗೋಡೆ ಕಟ್ಟಿದ್ದರೆ ಅದರ ನೀರುಗಂಡಿ ಮುಚ್ಚಿಲ್ಲವೇ ನೋಡಿ: ಒಂದೂವರೆ ಎರಡು ಮೀಟರಿಗೊಂದು 75–100 ಮಿ.ಮೀ. ಪೈಪು, ಹಿಂದೆ ಜಲ್ಲಿ ತುಂಬಿರಬೇಕು.

ತಿಳಿಯಾಗಿ ಬರುತ್ತಿದ್ದ ಒಸರು ಕೆಸರಾದರೆ, ಬರೆಯ ತಲೆಯಲ್ಲಿ ನೆಲ ಬಿರಿದರೆ, ಅಡಿಕೆ, ತೆಂಗು ವಾಲಿದರೆ, ಅದು ರಿಪೇರಿಯ ಹೊತ್ತಲ್ಲ. ಮನೆಯವರನ್ನು ಹೊರಡಿಸಿ, 112ಕ್ಕೆ ಫೋನು ಮಾಡಿ.

ಖರ್ಚು ಯಾರದ್ದು

ತಪಾಸಣೆಗೆ ಬೇರೆಯೇ ಬಿಲ್ಲು ಮಾಡಿ. ಕೆಲಸ ನಿಮಗೇ ಸಿಕ್ಕರೆ ಆ ಮೊತ್ತವನ್ನು ಕೆಲಸದ ಬಿಲ್ಲಿನಲ್ಲಿ ಕಳೆಯಿರಿ. ಪುಕ್ಕಟೆ ನೋಡಿಬರುವವನಿಗೆ ಡಬ್ಬ ಮಾರುವ ಅವಸರ ಇದ್ದೇ ಇರುತ್ತದೆ. ಯಾವ ಲಕ್ಷಣ, ಯಾವ ಪರೀಕ್ಷೆ, ಏನು ಕಂಡಿತು ಎಂದು ಒಂದು ಹಾಳೆಯಲ್ಲಿ ಫೋಟೊ ಸಹಿತ ಬರೆದು ಇಬ್ಬರೂ ಸಹಿ ಹಾಕಿ. ಸಹಿ ಹಾಕುವವರು ಓದಬಲ್ಲ ಭಾಷೆಯಲ್ಲಿ ಬರೆಯಿರಿ. ಕನ್ನಡ ಓದುವವರ ಕೈಗೆ ಮಲಯಾಳದ ಕರಾರು ಕೊಟ್ಟು ಆಮೇಲೆ ಜಗಳವಾಡುವುದು ಬೇಡ.

ಹೊಸ ಮನೆಯ ಕರಾರಿನಲ್ಲಿ ಬಿಲ್ಲಿನ ಶೇ. 5ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವುದಕ್ಕೆ ಒಪ್ಪಿಕೊಳ್ಳಿ. ಒಪ್ಪುವ ಕಾಂಟ್ರಾಕ್ಟುದಾರನಿಗೆ ಅದರಿಂದ ಕೆಲಸ ಹೆಚ್ಚೇ ಸಿಗುತ್ತದೆ. ಬದಲಿಗೆ ನಿಮ್ಮ ರಕ್ಷಣೆಗೂ ಒಂದು ಸಾಲು ಬರೆಸಿ: ಮುಂದೆ ಅಂಗಳದ ಮಟ್ಟ ಏರಿಸಿದರೆ ಪಸೆಯ ಹೊಣೆ ನಮ್ಮದಲ್ಲ. ಸಿಮೆಂಟ್ ಮೂಟೆಯ ಮೇಲಿನ ವಾರ ಮತ್ತು ವರ್ಷವನ್ನು ರಿಜಿಸ್ಟರಿನಲ್ಲಿ ಬರೆದಿಡಿ. ಮೂರು ತಿಂಗಳು ಮೀರಿದ ಮೂಟೆಯನ್ನು ಸ್ಲ್ಯಾಬಿಗೆ ಹಾಕಬೇಡಿ. ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಹತ್ತಕ್ಕಿಂತ ಎತ್ತರ ಪೇರಿಸದೆ ಇಡಿ. ಗ್ರಾಹಕರು ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಅವಕಾಶವಿದೆ, ಅಷ್ಟು ಕಾಲವಾದರೂ ಹೊಯ್ಗೆಯ ಚೀಟಿ, ಲ್ಯಾಬಿನ ವರದಿ ಕೈಯಲ್ಲಿರಲಿ.

ಲೇಪದ ಕೆಲಸವನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟರೆ ಡಬ್ಬದ ಮೇಲಿನ ಲೆಕ್ಕ ಓದಿ. ಒಂದು ಲೀಟರಿಗೆ ಎಷ್ಟು ಚದರ ಮೀಟರ್, ಎಷ್ಟು ಕೋಟು ಎಂದು ಅಲ್ಲೇ ಇರುತ್ತದೆ. ತಾರಸಿಯ ಅಳತೆಗೆ ಭಾಗಿಸಿ ಎಷ್ಟು ಡಬ್ಬ ಬೇಕೆಂದು ಮೊದಲೇ ಬರೆದಿಟ್ಟು, ಕೆಲಸ ಮುಗಿದ ಸಂಜೆ ಖಾಲಿ ಡಬ್ಬ ಎಣಿಸಿ. ಐದು ಬೇಕಾದಲ್ಲಿ ಮೂರು ಸಿಕ್ಕರೆ ಉಳಿದ ಎರಡರ ಜಾಗದಲ್ಲಿ ಬಿದ್ದದ್ದು ಬಾವಿಯ ನೀರು.